ಮನೋರಿಯಲ್ಲಿ ಹತ್ತು ದಿನ

ನಿಮ್ಮಲ್ಲಿ ಹಲವರು ಪಗೋಡ ನೋಡಲೆಂದು ಗೊರಾಯಿಗೆ ಹೋಗಿರುತ್ತೀರಿ. 2009ರಲ್ಲಿ ಉದ್ಘಾಟನೆಯಾದ ಆ ಬಂಗಾರ ಬಣ್ಣದ ಗೋಪುರ ಬೊರಿವಲಿಯ ಕಡೆಯಿಂದಲೂ ಕಾಣುತ್ತದೆ. ಆದರೆ ಅಲ್ಲಿಂದ ತುಸು ದಕ್ಷಿಣಕ್ಕಿರುವ ಮನೋರಿಗೆ ಹೋದವರು ಕಡಿಮೆ. ಒಮ್ಮೆ ಹೋಗಿ ಬನ್ನಿ. ಮಲಾಡ್ ಪಶ್ಚಿಮದಲ್ಲಿ ಮಾರ್ವೆಯ ಬಸ್ಸು ಹಿಡಿದು ಕೊನೆಯ ಸ್ಟಾಪಿನಲ್ಲಿ ಇಳಿದರೆ ಎದುರಿಗೇ ಖಾಡಿ. ಲಾಂಚಿನಲ್ಲಿ ಕೂತು ಟಿಕೇಟಿನ ಚಿಲ್ಲರೆ ಹುಡುಕುವಷ್ಟರಲ್ಲಿ ಆಚೆ ದಡ! ಭಾಯಂದರ್ ಕಡೆಯಿಂದ ಉತ್ತನ್ ಮಾರ್ಗವಾಗಿ ರಸ್ತೆಯೂ ಇದೆ, ಆದರೆ ದೋಣಿಯ ಸುಖ ಅದರಲ್ಲಿಲ್ಲ.

ನಾನು ಮೊದಲು ಅಲ್ಲಿಗೆ ಹೋದದ್ದು 1990ರ ಮೇ ತಿಂಗಳಲ್ಲಿ. ಬಿ.ಎ. ಪರೀಕ್ಷೆ ಮುಗಿದಿತ್ತು, ಇಂಗ್ಲಿಷ್ ಮುಖ್ಯ ವಿಷಯ. ಸಮುದ್ರದ ಬದಿಯ ಒಂದು ಬಂಗಲೆಯಲ್ಲಿ ಮಕ್ಕಳಿಗೆ ಹತ್ತು ದಿನದ ರಜಾ ಶಿಬಿರ. ದಿನಕ್ಕೆ 40 ರೂಪಾಯಿ. ಮನೆಯಲ್ಲಿ "ಇಂಗ್ಲಿಷ್ ಕಲಿಸಲು" ಎಂದು ಹೇಳಿದ್ದೆ. ನಿಜವಾದ ಕೆಲಸ ಬೇರೆಯೇ. ಮೂಗಿಗೆ ಕೆಂಪು ಬಣ್ಣ ಬಳಿದುಕೊಂಡು, ದೊಗಲೆ ಪೈಜಾಮ ತೊಟ್ಟು, ಮೂವತ್ತೈದು ಮಕ್ಕಳನ್ನು ಬೆಳಗಿನಿಂದ ಸಂಜೆಯವರೆಗೆ ನಗಿಸುವುದು! ಮದುವೆಗೆ ಬಂದ ಹುಡುಗಿ ಜೋಕರ್ ಕೆಲಸಕ್ಕೆ ಹೋದಳೆಂದರೆ ಆಗ ನಮ್ಮವರ ಬಾಯಿಗೆ ಬೀಗ ಹಾಕುವವರು ಯಾರು?

ರಾತ್ರಿ ಮಲಗುತ್ತಿದ್ದುದು ಗೆಳತಿಯ ಅತ್ತೆಯ ಮನೆಯಲ್ಲಿ. ಅವರು ಈಸ್ಟ್ ಇಂಡಿಯನ್ ಕ್ರೈಸ್ತರು. ಪಶ್ಚಿಮ ಕರಾವಳಿಯಲ್ಲಿದ್ದು ಇದೆಂಥ ಹೆಸರು ಎಂದು ನಾನೂ ಕೇಳಿದ್ದೆ. ಪೋರ್ಚುಗೀಸರ ಕಾಲದಲ್ಲಿ ಕ್ರೈಸ್ತರಾದ ಇಲ್ಲಿಯ ಮೂಲ ನಿವಾಸಿಗಳು, ಗೋವೆ ಮಂಗಳೂರುಗಳಿಂದ ಬಂದವರಿಗಿಂತ ತಾವು ಬೇರೆಯೆಂದು ತೋರಿಸಲು 1887ರಲ್ಲಿ ಇಟ್ಟುಕೊಂಡ ಹೆಸರದು. ಮನೆಮಾತು ಮರಾಠಿಯ ಒಂದು ಬಗೆ. ಅಂಗಳದಾಚೆ ಬಿದಿರಿನ ಚೌಕಟ್ಟುಗಳಲ್ಲಿ ಬೊಂಬಿಲ್ ಮೀನು ತೋರಣದಂತೆ ಒಣಗುತ್ತಿತ್ತು. ಮೊದಲ ದಿನ ಮೂಗು ಮುಚ್ಚಿಕೊಂಡೆ, ಮೂರನೆಯ ದಿನ ವಾಸನೆಯೇ ಗೊತ್ತಾಗಲಿಲ್ಲ.

ಮೊದಲ ಎರಡು ದಿನ ನನ್ನ ಆಟಕ್ಕೆ ಒಂದು ಮಗುವೂ ನಗಲಿಲ್ಲ. ಮೂರನೆಯ ದಿನ ಭಾನುವಾರ. ದೂರದರ್ಶನದಲ್ಲಿ ಮಹಾಭಾರತದ ಕುರುಕ್ಷೇತ್ರ ಯುದ್ಧ ನಡೆಯುತ್ತಿದ್ದ ಕಾಲ. ಆಗ ಭಾನುವಾರ ಬೆಳಿಗ್ಗೆ ಮುಂಬಯಿಯ ರಸ್ತೆಗಳೇ ಬಿಕೋ ಎನ್ನುತ್ತಿದ್ದವು, ನಿಮ್ಮ ತಾಯಿತಂದೆಯರನ್ನು ಕೇಳಿ ನೋಡಿ. ಮಕ್ಕಳೆಲ್ಲ ಸ್ನಾನ ಮಾಡಿ ಟಿ.ವಿ.ಯ ಮುಂದೆ ಕೂತಿದ್ದರು. ಸರಿಯಾಗಿ ಅದೇ ಹೊತ್ತಿಗೆ ಕರೆಂಟು ಹೋಯಿತು! ಅಳು, ಕೂಗು, ಒಬ್ಬ ಹುಡುಗನಂತೂ ಮನೆಗೆ ಹೋಗುತ್ತೇನೆಂದು ಚೀಲವನ್ನೇ ಎತ್ತಿಕೊಂಡ.

ಏನು ಮಾಡಲಿ? ಆಗ ಅಪ್ಪಯ್ಯ ನೆನಪಾದರು. ಕುಂದಾಪುರದ ಕಡೆಯಿಂದ ಬಾಲಕನಾಗಿ ಬಂದು, ಹೋಟೆಲಿನಲ್ಲಿ ಮೇಜು ಒರೆಸಿ, ಫೋರ್ಟಿನ ರಾತ್ರಿಶಾಲೆಯಲ್ಲಿ ಕಲಿತು, ಮಾಟುಂಗದ ಹೋಟೆಲೊಂದರ ಕ್ಯಾಶ್ ಕೌಂಟರಿನವರೆಗೆ ಬಂದವರು. ಹೋಟೆಲ್ ಕಾರ್ಮಿಕರ ಯಕ್ಷಗಾನದಲ್ಲಿ ಹಾಸ್ಯಗಾರ. "ಹಾಸ್ಯ ಮಾಡುವವ ತಾನ್ ನೆಗಾಡುಕಾಗ, ಹೆಣೆ" ಎನ್ನುತ್ತಿದ್ದರು. ನಾನು ಎರಡು ದಿನವೂ ಹಲ್ಲು ಕಿರಿಯುತ್ತಲೇ ಇದ್ದೆನಲ್ಲ!

ದಿಂಬನ್ನೇ ಗದೆ ಮಾಡಿ, ಟಿ.ವಿ.ಯಲ್ಲಿ ಇನ್ನೂ ಬಾರದ ಗದಾಯುದ್ಧವನ್ನು ಶುರುಮಾಡಿದೆ. ಕೌರವ ಸರೋವರದಲ್ಲಿ ಅಡಗಿದ ಗುಟ್ಟನ್ನು ಭೀಮನಿಗೆ ಮುಟ್ಟಿಸುವ ಬೇಡ ನಾನೇ. ಮುಖ ಗಂಟಿಕ್ಕಿಕೊಂಡು, ಇಂಗ್ಲಿಷ್ ಹಿಂದಿಗಳ ನಡುವೆ ನಮ್ಮ ಕನ್ನಡವನ್ನೂ ಸೇರಿಸಿ ಏನೇನೋ ಹರಟಿದೆ. ಚೀಲ ಎತ್ತಿಕೊಂಡಿದ್ದ ಹುಡುಗನೇ ಕೌರವನಾಗಿ ಮಂಚದ ಕೆಳಗೆ ಅಡಗಿದ. ಕರೆಂಟು ಬಂದಾಗ ಟಿ.ವಿ. ಹಾಕಲು ಯಾರೂ ಏಳಲಿಲ್ಲ.

ಕೊನೆಯ ದಿನ ಸಂಜೆ ಇಳಿತದ ಹೊತ್ತು. ನೀರು ಕಡಿಮೆಯಾಗಿ ಲಾಂಚು ತಡವಾಯಿತು. ಮಾರ್ವೆಯ ದಡದಲ್ಲಿ ಕೊಡೆ ಹಿಡಿದು ನಿಂತವರನ್ನು ಕಂಡು ನನ್ನ ಎದೆ ಧಸಕ್ಕೆಂದಿತು. ಅಪ್ಪಯ್ಯ! ಭಾನುವಾರ ಮಗುವನ್ನು ನೋಡಲು ಬಂದಿದ್ದ ತಂದೆಯೊಬ್ಬರು ಅವರ ಹೋಟೆಲಿನ ಖಾಯಂ ಗಿರಾಕಿಯಂತೆ. ಬಿಲ್ಲು ಕೊಡುವಾಗ ಎಲ್ಲ ಹೇಳಿಬಿಟ್ಟಿದ್ದರು. ಮೂಗಿನ ಕೆಂಪು ಇನ್ನೂ ಪೂರ್ತಿ ಹೋಗಿರಲಿಲ್ಲ. ನಾನು ಸೆರಗಿನಿಂದ ಒರೆಸಿಕೊಂಡೆ.

ಬಸ್ ಸ್ಟಾಪಿನವರೆಗೂ ಮಾತಿಲ್ಲ. ಆಮೇಲೆ ಕೇಳಿದರು, "ಮಕ್ಳ್ ನೆಗಾಡಿದ್ವಾ?"

"ಹೂಂ."

"ನೀನ್ ನೆಗಾಡ್ಲಿಲ್ಲ ಅಲ್ದಾ?"

ಇಲ್ಲವೆಂದೆ. ಬೇಡನ ಪ್ರವೇಶ ಹೇಗೆ ಮಾಡಿದೆ ಎಂದು ಕೇಳಿ, ಅದು ತಪ್ಪೆಂದು, ಸ್ಟಾಪಿನಲ್ಲೇ ಕೊಡೆಯನ್ನು ಬಿಲ್ಲಿನಂತೆ ಹಿಡಿದು ಎರಡು ಹೆಜ್ಜೆ ಹಾಕಿ ತೋರಿಸಿದರು. ಕ್ಯೂನಲ್ಲಿದ್ದ ಮೀನಿನ ಹೆಂಗಸರು ನಕ್ಕರು. ಅಪ್ಪಯ್ಯ ನಗಲಿಲ್ಲ.

ಮರುವರ್ಷ ಶಿಬಿರದವರು ಮತ್ತೆ ಕರೆದಾಗ ನನ್ನ ಮದುವೆ ನಿಶ್ಚಯವಾಗಿತ್ತು. ಗಂಡಿನ ಕಡೆಯವರಿಗೆ ಈ ಹತ್ತು ದಿನಗಳ ವಿಷಯ ಅಪ್ಪಯ್ಯನೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ನಮ್ಮ ಯಜಮಾನರಿಗೆ ಇದು ಗೊತ್ತಾಗುವುದು ಈ ಪುಟದಲ್ಲೇ.