ಮರಗಳು ತೂರಾಡುವ ಊರು ಫೇರ್‌ಬ್ಯಾಂಕ್ಸ್

ಅಲಾಸ್ಕಾ ಅಂದ ತಕ್ಷಣ ಹಿಮಬೆಟ್ಟ, ಕರಡಿ, ರಾತ್ರಿ ಆಕಾಶದ ಹಸಿರು ಬೆಳಕು ಕಣ್ಮುಂದೆ ಬರುತ್ತೆ. ಫೇರ್‌ಬ್ಯಾಂಕ್ಸ್‌ಗೆ ಬರೋ ಪ್ರವಾಸಿಗರೂ ತಲೆ ಎತ್ತಿಕೊಂಡೇ ಓಡಾಡ್ತಾರೆ. ಆದರೆ ಈ ಊರಿನ ಅಸಲಿ ಕಥೆ ಇರೋದು ಕಾಲ ಕೆಳಗೆ.

ಜುಲೈನಲ್ಲಿ ಹತ್ತು ದಿನ ಅಲ್ಲಿ ಅಕ್ಕ-ಭಾವನ ಮನೆಯಲ್ಲಿದ್ದೆ. ಟೀ ಶರ್ಟ್‌ನಲ್ಲಿ ಸುತ್ತಾಡುವಷ್ಟು ಬಿಸಿಲು, ರಾತ್ರಿ ಹನ್ನೊಂದಕ್ಕೂ ಬೆಳಕು. ಅದೇ ಬಿಸಿಲಲ್ಲಿ ಹತ್ತಿರದ ಕಾಡಿಗೆ ಹೋಗಿ ಪಾಚಿಯ ಮೇಲಿಂದ ಕಬ್ಬಿಣದ ಸರಳು ಚುಚ್ಚಿದರೆ, ಮೊಣಕಾಲುದ್ದ ಇಳಿದು ಠಣ್ ಅಂತ ನಿಂತುಬಿಡುತ್ತೆ. ಕೆಳಗಿರೋದು ಬಂಡೆಯಲ್ಲ, ಹೆಪ್ಪುಗಟ್ಟಿದ ಮಣ್ಣು! ಕನಿಷ್ಠ ಎರಡು ವರ್ಷ ಸತತವಾಗಿ ಸೊನ್ನೆ ಡಿಗ್ರಿ ಅಥವಾ ಅದಕ್ಕಿಂತ ಕೆಳಗೇ ಇರುವ ನೆಲಕ್ಕೆ ಪರ್ಮಾಫ್ರಾಸ್ಟ್ ಅನ್ನುತ್ತಾರೆ. ಇಲ್ಲಿ ಕೆಲವು ಕಡೆ ಅದು ಸಾವಿರಾರು ವರ್ಷಗಳಿಂದ ಹಾಗೇ ಇದೆ.

ಒಳಗಿನ ಐಸ್ ಕರಗಿದರೆ ನೆಲ ಕುಸಿಯುತ್ತೆ. ಸ್ಪ್ರೂಸ್ ಮರಗಳು ಒಂದೊಂದು ದಿಕ್ಕಿಗೆ ವಾಲಿಕೊಳ್ಳುತ್ತವೆ. ಇಂಥ ಕಾಡಿಗೆ ಅಲ್ಲಿನವರು ಇಟ್ಟಿರೋ ಹೆಸರು 'ಡ್ರಂಕನ್ ಫಾರೆಸ್ಟ್', ಕುಡುಕರ ಕಾಡು. ಟಾರು ರಸ್ತೆಗಳೂ ಅಲೆಯಲೆಯಾಗಿ ಏಳುತ್ತವೆ. ಕಾಡು ವಾಲಿದರೆ ಫೋಟೊ ತೆಗೀಬಹುದು, ಮನೆ ವಾಲಿದರೆ?

ಅಕ್ಕ ಆಗ ಮನೆ ಹುಡುಕುತ್ತಿದ್ದಳು. ಒಂದು ಮನೆ ಕೈಗೆಟಕುವ ಬೆಲೆಯಲ್ಲಿತ್ತು. ಮಾರ್ತಾ ಇದ್ದವರು ವಯಸ್ಸಾದವರು, ಇಡೀ ಜೀವಮಾನದ ಉಳಿತಾಯವೇ ಆ ಮನೆ. ಅಡುಗೆಮನೆಯ ಒಂದು ಮೂಲೆ ಮಾತ್ರ ಸ್ವಲ್ಪ ಇಳಿದಿತ್ತು.

"ಲಾನ್ ಎಷ್ಟು ಚೆನ್ನಾಗಿದೆ ನೋಡು" ಅಂದಳು ಅಕ್ಕ.

"ಅದೇ ನನಗೆ ಭಯ ಕಣೇ" ಅಂದರು ಭಾವ.

ಭಾವನ ಕೆಲಸವೇ ಅದು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ನೆಲ ಹೆಪ್ಪುಗಟ್ಟಿ ಕರಗುವ ಲೆಕ್ಕದ ಪ್ರೋಗ್ರಾಂ ಬರೀತಾರೆ. ಸಂಜೆ ಕಾಫಿ ಕುಡೀತಾ ಕೋಡ್ ತೋರಿಸಿದರು. ನೆಲವನ್ನು ಮೇಲಿಂದ ಕೆಳಕ್ಕೆ ತೆಳು ಪದರಗಳಾಗಿ ಭಾಗ ಮಾಡಿ, ಒಂದರಿಂದ ಇನ್ನೊಂದಕ್ಕೆ ಎಷ್ಟು ಶಾಖ ಹರಿಯಿತು ಅಂತ ಲೆಕ್ಕ ಹಾಕೋದು. ಇಷ್ಟೇನಾ ಅನ್ನಿಸ್ತು. ತೊಡಕು ಶುರುವಾಗೋದು ಸೊನ್ನೆ ಡಿಗ್ರಿಯ ಹತ್ತಿರ. ಒಂದು ಕಿಲೋ ಐಸ್ ಕರಗಿಸೋಕೆ 334 ಕಿಲೋಜೌಲ್ ಬೇಕು. ಅಷ್ಟೇ ಶಾಖದಲ್ಲಿ ಒಂದು ಕಿಲೋ ನೀರನ್ನು ಸೊನ್ನೆಯಿಂದ ಸುಮಾರು 80 ಡಿಗ್ರಿವರೆಗೆ ಕಾಯಿಸಬಹುದು! ಹಾಗಾಗಿ ಶಾಖ ಒಳಗೆ ಹೋಗ್ತಾನೇ ಇದ್ದರೂ ಥರ್ಮಾಮೀಟರ್ ಕದಲಲ್ಲ. ಮೇಲಾಗಿ ಐಸ್ ನೀರಿಗಿಂತ ಸುಮಾರು ನಾಲ್ಕು ಪಟ್ಟು ಚೆನ್ನಾಗಿ ಶಾಖ ದಾಟಿಸುತ್ತೆ. ಅಂದರೆ ನೆಲ ಕರಗ್ತಾ ಹೋದ ಹಾಗೆ ಲೆಕ್ಕದ ಅಂಕಿಗಳೇ ಬದಲಾಗ್ತವೆ. ನುಣುಪು ಮಣ್ಣಿನಲ್ಲಂತೂ ಸೊನ್ನೆಗಿಂತ ಕೆಳಗೂ ಒಂದಿಷ್ಟು ನೀರು ಹೆಪ್ಪುಗಟ್ಟದೆ ಉಳಿದಿರುತ್ತೆ. ಇದರ ಜೊತೆಗೆ ಚಳಿಗಾಲದ ಹಿಮ ಕಂಬಳಿಯ ಹಾಗೆ ನೆಲವನ್ನು ಹೊದ್ದಿಸಿಡುತ್ತೆ, ಬೇಸಿಗೆಯಲ್ಲಿ ಪಾಚಿ ಬಿಸಿಲನ್ನು ತಡೆಯುತ್ತೆ.

ಲಾನ್ ಕಂಡರೆ ಭಯ ಯಾಕೆ ಅಂತ ಆಗ ಗೊತ್ತಾಯ್ತು. ಇದೇ ಊರಿನ ಫಾರ್ಮರ್ಸ್ ಲೂಪ್ ರಸ್ತೆಯ ಬಳಿ 1946ರಲ್ಲಿ ಅಮೆರಿಕ ಸೇನೆಯ ಎಂಜಿನಿಯರ್‌ಗಳು ಒಂದು ಪ್ರಯೋಗ ಶುರು ಮಾಡಿದರು. ಒಂದು ತುಂಡು ಕಾಡನ್ನು ಹಾಗೇ ಬಿಟ್ಟರು, ಇನ್ನೊಂದರಲ್ಲಿ ಮರ ಮಾತ್ರ ಕಡಿದರು, ಮೂರನೆಯದರಲ್ಲಿ ಮರದ ಜೊತೆ ಪಾಚಿಯನ್ನೂ ಕೆರೆದು ತೆಗೆದರು. 26 ವರ್ಷಗಳಾದ ಮೇಲೆ ನೋಡಿದರೆ ಮುಟ್ಟದ ಕಾಡಿನ ಕೆಳಗೆ ಪರ್ಮಾಫ್ರಾಸ್ಟ್ ಭದ್ರವಾಗಿತ್ತು. ಮರ ಕಡಿದ ಕಡೆ ನೆಲ 4.7 ಮೀಟರ್ ಆಳಕ್ಕೆ ಕರಗಿತ್ತು, ಪಾಚಿಯೂ ಹೋದ ಕಡೆ 6.7 ಮೀಟರ್. ಯಾರೂ ನೆಲಕ್ಕೆ ಬೆಂಕಿ ಹಾಕಿರಲಿಲ್ಲ, ಹೊದಿಕೆ ತೆಗೆದಿದ್ದರು ಅಷ್ಟೆ.

ಈ ನೆಲದ ಜೊತೆ ಹೇಗೆ ಬಾಳಬೇಕು ಅಂತ ನೋಡಬೇಕಾದರೆ ಊರಿಂದ ಉತ್ತರಕ್ಕೆ, ಫಾಕ್ಸ್ ಕಡೆಗೆ ಹೋಗಿ. 1977ರಲ್ಲಿ ಶುರುವಾದ ಟ್ರಾನ್ಸ್-ಅಲಾಸ್ಕಾ ತೈಲ ಪೈಪ್‌ಲೈನ್ ರಸ್ತೆ ಪಕ್ಕದಲ್ಲೇ ಸಿಗುತ್ತೆ. ಸುಮಾರು 1,287 ಕಿ.ಮೀ. ಉದ್ದದಲ್ಲಿ ಅರ್ಧಕ್ಕಿಂತ ಹೆಚ್ಚು ಕಂಬಗಳ ಮೇಲೇ ಸಾಗುತ್ತೆ. ಬೆಚ್ಚಗಿನ ಎಣ್ಣೆ ಹೂತಿಟ್ಟ ಪೈಪಿನಲ್ಲಿ ಹರಿದರೆ ನೆಲ ಕರಗುತ್ತಲ್ಲ! ಅನೇಕ ಕಂಬಗಳ ಒಳಗೆ ಅಮೋನಿಯಾ ತುಂಬಿದ ಕೊಳವೆಗಳಿವೆ. ಚಳಿಗಾಲದಲ್ಲಿ ಅದು ನೆಲದ ಶಾಖ ಹೀರಿ ಆವಿಯಾಗಿ ಮೇಲೇರುತ್ತೆ, ಹೊರಗಿನ ಚಳಿಗೆ ಮತ್ತೆ ದ್ರವವಾಗಿ ಇಳಿಯುತ್ತೆ. ಬೇಸಿಗೆಯಲ್ಲಿ ತಾನಾಗೇ ನಿಲ್ಲುತ್ತೆ. ಕರೆಂಟೂ ಬೇಡ, ಮೋಟಾರೂ ಬೇಡ.

ಆ ಮನೆ ವಿಷಯಕ್ಕೆ ಬಂದರೆ, ಮುಂಗಡ ಕೊಡುವ ಮುಂಚೆ ನೆಲ ಕೊರೆಸಿ ನೋಡೋಣ ಅಂತ ಭಾವ ಪಟ್ಟು ಹಿಡಿದರು. ನಾನು ಬೆಂಗಳೂರಿಗೆ ವಾಪಸ್ ಬಂದ ಮೇಲೆ ಅಕ್ಕನ ಮೆಸೇಜ್ ಬಂತು: ಐದು ಮೀಟರ್ ಕೆಳಗೆ ದಪ್ಪನೆಯ ಐಸ್, ಬೇಡ ಅಂದ್ವಿ.

ಈಗ ಅವರು ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರಿನಲ್ಲಿ ಮನೆ ನೋಡ್ತಿದ್ದಾರೆ. ಅಲ್ಲಿ ಬಿಸಿಲು ಚೆನ್ನಾಗಿ ಬೀಳೋದರಿಂದ ಸಾಮಾನ್ಯವಾಗಿ ಪರ್ಮಾಫ್ರಾಸ್ಟ್ ಇರಲ್ಲ. ಬರ್ಚ್, ಆಸ್ಪೆನ್ ಮರ ಎತ್ತರಕ್ಕೆ ಬೆಳೆದಿದ್ದರೆ ಒಳ್ಳೆ ಸೂಚನೆ, ಕುಳ್ಳ ಕಪ್ಪು ಸ್ಪ್ರೂಸ್ ಕಂಡರೆ ಹುಷಾರು. ಬೆಲೆ ಮಾತ್ರ ಜಾಸ್ತಿ, ಸಾಲವೂ ಜಾಸ್ತಿ ಆಗುತ್ತೆ ಅಂತಾಳೆ ಅಕ್ಕ. ಆ ಹಿರಿಯರ ಮನೆಗೆ ಇನ್ನೂ ಗಿರಾಕಿ ಸಿಕ್ಕಿಲ್ಲವಂತೆ.