ಅಂಗಳವಿಲ್ಲದ ಮನೆಯ ಮಗುವಿಗೊಂದು ಅಂಗಳ

ಓದುಗ ಸಹೋದರಿಯರೇ, ನಿಮ್ಮ ಮನೆಗೆ ಅಂಗಳ ಇದೆಯೇ? ಇದ್ದರೆ ನೀವು ಭಾಗ್ಯವಂತರು. ಕರಾವಳಿಯ ನಮ್ಮ ಮನೆಗಳಲ್ಲಿ ಮಗು ಹೊಸ್ತಿಲು ದಾಟಿದರೆ ಸಾಕು, ಅಂಗಳ ಸಿಗುತ್ತದೆ. ಅಲ್ಲಿ ಕೋಳಿ ಓಡುತ್ತದೆ, ಬೆಕ್ಕು ಮಲಗಿರುತ್ತದೆ, ತೆಂಗಿನ ಮಡಲು ಬಿದ್ದಿರುತ್ತದೆ. ಉಮ್ಮ ಅಡುಗೆ ಕೋಣೆಯ ಕಿಟಕಿಯಿಂದಲೇ ಮಗುವಿನ ಮೇಲೆ ಕಣ್ಣಿಡುತ್ತಾಳೆ. ಅಲ್ಲಿ ಆಟಕ್ಕೆ ಖರ್ಚಿಲ್ಲ, ಸಮಯದ ನಿಗದಿಯಿಲ್ಲ.

ಆದರೆ ಮದುವೆಯಾಗಿ ನಗರ ಸೇರುವ ನಮ್ಮ ಹೆಣ್ಣುಮಕ್ಕಳ ಮನೆಗೆ ಅಂಗಳವಿಲ್ಲ. ಎರಡು ಕೋಣೆ, ಒಂದು ಹಾಲ್, ಬಟ್ಟೆ ಒಣಗಿಸುವಷ್ಟು ಬಾಲ್ಕನಿ. ಕಳೆದ ಬೇಸಿಗೆ ರಜೆಯಲ್ಲಿ ನಾನು ಬೆಂಗಳೂರಿನ ಫ್ರೇಝರ್ ಟೌನ್ ಸಮೀಪದ ಮಗಳ ಮನೆಯಲ್ಲಿ ಒಂದು ತಿಂಗಳು ಇದ್ದೆ. ಮೂರನೆಯ ಮಹಡಿಯ ಮನೆ. ಮೊಮ್ಮಗಳಿಗೆ ಒಂದು ಮುಕ್ಕಾಲು ವರ್ಷ. ತಪ್ಪು ಹೆಜ್ಜೆ ಇಡುತ್ತಾ, ತೊದಲು ಮಾತಾಡುತ್ತಾ ಇಡೀ ಜಗತ್ತನ್ನು ಮುಟ್ಟಿ ನೋಡಬೇಕೆನ್ನುವ ಪ್ರಾಯ. ಅವಳಿಗೆ ಸಿಕ್ಕಿದ್ದು ಸೋಫಾ, ಟಿ.ವಿ. ಮತ್ತು ಮೊಬೈಲ್. ಊಟ ಮಾಡಿಸಲು ಮೊಬೈಲ್, ಅಳು ನಿಲ್ಲಿಸಲು ಮೊಬೈಲ್, ನಿದ್ದೆ ಮಾಡಿಸಲೂ ಮೊಬೈಲ್.

ಇದು ನನ್ನ ಮಗಳ ಮನೆಯ ಕಥೆ ಮಾತ್ರವಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗಾಗಿ ಮಾರ್ಗಸೂಚಿಯೊಂದನ್ನು ಹೊರಡಿಸಿತು. ಒಂದರಿಂದ ಎರಡು ವರ್ಷದ ಮಗು ದಿನಕ್ಕೆ ಕನಿಷ್ಠ 180 ನಿಮಿಷ, ಅಂದರೆ ಮೂರು ಗಂಟೆ ಓಡಾಡುತ್ತಾ, ಹತ್ತಿ ಇಳಿಯುತ್ತಾ ಇರಬೇಕು ಎಂದು ಅದು ಹೇಳುತ್ತದೆ. ಒಂದು ವರ್ಷದ ಮಗುವಿಗೆ ಪರದೆಯ ಮುಂದೆ ಕೂರುವುದೇ ಬೇಡ. ಎರಡು ವರ್ಷದ ಮೇಲೆ ದಿನಕ್ಕೆ ಒಂದು ಗಂಟೆ ಮೀರಬಾರದು, ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೆಯದು. ಮೂರು ಗಂಟೆಯ ಓಡಾಟಕ್ಕೆ ಹತ್ತಡಿ ಹಾಲ್ ಎಲ್ಲಿ ಸಾಕಾಗುತ್ತದೆ?

"ಹತ್ತಿರದಲ್ಲೇ ಪಾರ್ಕ್ ಇದೆಯಲ್ಲ, ಯಾಕೆ ಕರಕೊಂಡು ಹೋಗುವುದಿಲ್ಲ?" ಎಂದು ಮಗಳನ್ನು ಕೇಳಿದೆ.

"ಅಲ್ಲಿ ನನಗೆ ಯಾರದೂ ಪರಿಚಯವಿಲ್ಲ ಉಮ್ಮಾ. ಬುರ್ಖಾ ಹಾಕಿಕೊಂಡು ಒಬ್ಬಳೇ ಬೆಂಚಿನ ಮೇಲೆ ಕೂತರೆ ಎಲ್ಲರೂ ನನ್ನನ್ನೇ ನೋಡಿದ ಹಾಗೆ ಅನ್ನಿಸುತ್ತದೆ" ಎಂದಳು.

ಆಗ ನನಗೆ ಮೊಮ್ಮಗಳಿಗಿಂತ ಮಗಳ ಚಿಂತೆಯೇ ಹೆಚ್ಚಾಯಿತು. ಅಳಿಯ ಬೆಳಿಗ್ಗೆ ಹೋದರೆ ರಾತ್ರಿ ಬರುವುದು. ಅಷ್ಟು ಹೊತ್ತು ಅವಳು ಮಾತಾಡುವುದು ಮಗುವಿನ ಜೊತೆ ಮಾತ್ರ. ಅಂಗಳ ಕಳೆದುಕೊಂಡದ್ದು ಮಗು ಒಂದೇ ಅಲ್ಲ, ತಾಯಿಯೂ ಕಳೆದುಕೊಂಡಿದ್ದಾಳೆ. ಊರಿನಲ್ಲಾದರೆ ಅಂಗಳಕ್ಕೆ ಇಳಿದರೆ ನೆರೆಮನೆಯವಳು ಬೇಲಿಯಾಚೆಯಿಂದ ಮಾತಿಗೆ ಸಿಗುತ್ತಾಳೆ.

ಮರುದಿನ ಅಸರ್ ನಮಾಝ್ ಮುಗಿಸಿ ಮೂವರೂ ಕೋಲ್ಸ್ ಪಾರ್ಕಿಗೆ ಹೊರಟೆವು.

ಪ್ಲೇಗ್ ಕಲಿಸಿದ ಪಾಠ

ಫ್ರೇಝರ್ ಟೌನಿನ ಬೀದಿಗಳಲ್ಲಿ ನಡೆಯುವಾಗ ಒಂದು ವಿಷಯ ನೆನಪಿರಲಿ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಇಕ್ಕಟ್ಟಾದ ಗಲ್ಲಿಗಳಲ್ಲಿ ಸಾವಿರಾರು ಮಂದಿ ಸತ್ತರು. ಗಾಳಿ ಬೆಳಕು ಇಲ್ಲದ ಕಡೆ ಜನ ಬದುಕಲಾರರು ಎಂಬುದು ಆಳುವವರಿಗೆ ಆಗ ಅರ್ಥವಾಯಿತು. ಅಗಲವಾದ ರಸ್ತೆ, ತೆರೆದ ಜಾಗಗಳಿರುವ ಹೊಸ ಬಡಾವಣೆಗಳು ಹುಟ್ಟಿಕೊಂಡದ್ದು ಆ ನಂತರ. ಮಲ್ಲೇಶ್ವರ, ಬಸವನಗುಡಿಗಳಂತೆ ಫ್ರೇಝರ್ ಟೌನ್ ಕೂಡಾ ಅಂಥದೊಂದು ಬಡಾವಣೆ. ಪಾರ್ಕು ಎಂದರೆ ಶ್ರೀಮಂತರ ಶೋಕಿಯಲ್ಲ, ಬದುಕಿಗೆ ಬೇಕಾದ ಗಾಳಿ.

ಕೋಲ್ಸ್ ಪಾರ್ಕಿನಲ್ಲಿ ಹಳೆಯ ಮರಗಳ ನೆರಳಿದೆ. ಸಂಜೆ ಹೊತ್ತು ನಡೆಯುವವರು, ಹರಟುವ ಹಿರಿಯರು, ಆಡುವ ಮಕ್ಕಳು ಎಲ್ಲರೂ ಇರುತ್ತಾರೆ. ಜಾರುಬಂಡಿ, ಉಯ್ಯಾಲೆ ನೋಡಿ ಮೊಮ್ಮಗಳು ಕುಣಿಯುತ್ತಾಳೆ ಎಂದುಕೊಂಡಿದ್ದೆ. ಅವಳು ಅವುಗಳತ್ತ ತಿರುಗಿಯೂ ನೋಡಲಿಲ್ಲ. ಕುಕ್ಕರುಗಾಲಲ್ಲಿ ಕೂತು ಇರುವೆಯ ಸಾಲನ್ನು ನೋಡಿದಳು. ಒಣಗಿದ ಎಲೆಯನ್ನು ಹಿಡಿದು ಪುಡಿ ಮಾಡಿದಳು. ಒಂದು ಸಣ್ಣ ಕಲ್ಲನ್ನು ಮುಷ್ಟಿಯಲ್ಲಿ ಹಿಡಿದವಳು ಮನೆ ತಲುಪುವ ತನಕ ಬಿಡಲಿಲ್ಲ. ಎರಡು ವರ್ಷದ ಮಗುವಿಗೆ ಮಣ್ಣು, ಎಲೆ, ಕಲ್ಲುಗಳೇ ಆಟಿಕೆ. ದುಬಾರಿ ಆಟದ ಸಾಮಾನು ಇಲ್ಲದ ಪಾರ್ಕ್ ಎಂದು ನೀವು ಮೂಗು ಮುರಿಯಬೇಕಾಗಿಲ್ಲ.

ನಾಲ್ಕನೆಯ ದಿನ ಅವಳ ಚೆಂಡು ಉರುಳಿ ಒಬ್ಬ ಅಜ್ಜಿಯ ಕಾಲ ಬಳಿ ನಿಂತಿತು. ಹಣೆಯಲ್ಲಿ ಕುಂಕುಮ, ಕೈಯಲ್ಲಿ ಮೊಮ್ಮಗನ ಹಾಲಿನ ಬಾಟಲಿ. "ಎಷ್ಟು ತಿಂಗಳಮ್ಮಾ? ಹಲ್ಲು ಎಷ್ಟು ಬಂದಿದೆ? ರಾತ್ರಿ ನಿದ್ದೆ ಮಾಡ್ತಾಳಾ?" ಎಂದು ಮಗಳನ್ನು ವಿಚಾರಿಸಿದರು. ಅಷ್ಟೇ, ಮಾತು ಹತ್ತಿಕೊಂಡಿತು. ಮಗುವಿನ ಹಲ್ಲು, ನಿದ್ದೆ, ಊಟದ ಹಠ, ಈ ಮೂರು ವಿಷಯಗಳಲ್ಲಿ ಎಲ್ಲ ತಾಯಂದಿರೂ ಒಂದೇ ಜಾತಿ. ವಾರ ಕಳೆಯುವುದರೊಳಗೆ ನನ್ನ ಮಗಳಿಗೆ ಮೂವರು ಗೆಳತಿಯರಾದರು. ಒಬ್ಬಳು ತಮಿಳಿನವಳು, ಒಬ್ಬಳು ಉರ್ದು ಮಾತಾಡುವವಳು, ಇನ್ನೊಬ್ಬಳು ಆ ಅಜ್ಜಿಯ ಸೊಸೆ. ನಾನು ಊರಿಗೆ ಮರಳಿದ ಮೇಲೆ ಒಂದು ಮಧ್ಯಾಹ್ನ ಮಗುವಿಗೆ ಜ್ವರ ಏರಿದಾಗ, ಅಳಿಯ ದೂರದಲ್ಲಿದ್ದ ಹೊತ್ತಲ್ಲಿ, ಆಟೋ ಹಿಡಿದು ವೈದ್ಯರ ಬಳಿಗೆ ಜೊತೆಯಲ್ಲಿ ಹೋದವಳು ಆ ಸೊಸೆಯೇ. ಪರಸ್ಪರ ಅನುಮಾನಗಳನ್ನು ಬಿತ್ತುವವರಿಗೆ ಕೊರತೆಯಿಲ್ಲದ ಕಾಲದಲ್ಲಿ ಪಾರ್ಕಿನ ಬೆಂಚು ದೊಡ್ಡ ಕೆಲಸ ಮಾಡುತ್ತದೆ.

ಲಾಲ್‌ಬಾಗಿನ ಬಂಡೆಯ ಮೇಲೆ

ಒಂದು ಭಾನುವಾರ ಬೆಳಿಗ್ಗೆ ಬೇಗ ಹೊರಟು ಲಾಲ್‌ಬಾಗಿಗೆ ಹೋದೆವು. ಹೈದರಲಿ 1760ರಲ್ಲಿ ಆರಂಭಿಸಿ, ಟಿಪ್ಪು ಸುಲ್ತಾನ್ ದೂರದ ದೇಶಗಳಿಂದ ಗಿಡಗಳನ್ನು ತರಿಸಿ ಬೆಳೆಸಿದ ತೋಟವಿದು. ಈಗ 240 ಎಕರೆಯಷ್ಟಿದೆ. ಅರಸರು ತಮಗಾಗಿ ಮಾಡಿದ ತೋಟದಲ್ಲಿ ಇಂದು ಬಡವರ ಮಗುವೂ ಓಡುತ್ತದೆ. ಅದನ್ನು ನೋಡುವಾಗ ಮನಸ್ಸು ತುಂಬಿ ಬರುತ್ತದೆ.

ಗಾಜಿನ ಮನೆ ಕಟ್ಟಲು ಆರಂಭಿಸಿದ್ದು 1889ರಲ್ಲಿ. ಮೊಮ್ಮಗಳಿಗೆ ಅದು ಬೇಕಾಗಲಿಲ್ಲ. ಅವಳಿಗೆ ಹಿಡಿಸಿದ್ದು ಕೆಂಪೇಗೌಡ ಗೋಪುರವಿರುವ ಆ ದೊಡ್ಡ ಬಂಡೆ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ ಎಂದು ಭೂವಿಜ್ಞಾನಿಗಳು ಹೇಳುತ್ತಾರೆ. ಅದರ ಮೇಲೆ ಒಂದು ಮುಕ್ಕಾಲು ವರ್ಷದ ಮಗು ಅಂಬೆಗಾಲಿಟ್ಟು ಹತ್ತಿತು, ಕೂತು ಜಾರಿತು, ಮತ್ತೆ ಹತ್ತಿತು. ಅಲ್ಲಾಹನ ಸೃಷ್ಟಿಯಲ್ಲಿ ಎಷ್ಟು ಹಳೆಯದು ಎಷ್ಟು ಹೊಸದರ ಜೊತೆ ಆಡುತ್ತಿದೆ! ಸುಬ್‌ಹಾನಲ್ಲಾಹ್ ಎನ್ನದೆ ಇರಲಾಗಲಿಲ್ಲ.

ಇಷ್ಟು ದೂರ ಹೋಗಲು ಖರ್ಚಾಗುತ್ತದಲ್ಲ ಎನ್ನುವವರಿಗೆ ಒಂದು ಮಾತು. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಲ್ಲಿ ಕರ್ನಾಟಕದ ಮಹಿಳೆಯರಿಗೆ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಟಿಕೆಟ್ ದರವಿಲ್ಲ. ಗುರುತಿನ ಚೀಟಿ ಇದ್ದರೆ ಸಾಕು. ಆದರೆ ದೂರದ ತೋಟ ತಿಂಗಳಿಗೊಮ್ಮೆ ಸಾಕು. ಮಗುವಿಗೆ ದಿನವೂ ಬೇಕಾದದ್ದು ನಡೆದು ಹೋಗಬಹುದಾದ ಬೀದಿಯ ಪಾರ್ಕು.

ಆಟಕ್ಕೆ ದೀನ್‌ನಲ್ಲಿ ಜಾಗವಿದೆ

"ಹೆಣ್ಣುಮಗಳು ಮಗುವನ್ನೆತ್ತಿಕೊಂಡು ಪಾರ್ಕಿಗೆ ಹೋಗುವುದೇ?" ಎಂದು ಹುಬ್ಬೇರಿಸುವ ಹಿರಿಯರು ನಮ್ಮಲ್ಲಿದ್ದಾರೆ. ಅವರೊಡನೆ ಜಗಳ ಬೇಡ. ಪ್ರವಾದಿ(ಸ)ರ ಮನೆಯನ್ನು ನೆನಪಿಸೋಣ. ಅವರು ಸುಜೂದ್‌ನಲ್ಲಿರುವಾಗ ಮೊಮ್ಮಗು ಬೆನ್ನೇರಿತು. ಮಗುವಿನ ಆಟಕ್ಕೆ ಅಡ್ಡಿಯಾಗಬಾರದೆಂದು ಅವರು ಸುಜೂದನ್ನೇ ದೀರ್ಘಗೊಳಿಸಿದರು. ಅಬೂ ಉಮೈರ್ ಎಂಬ ಪುಟ್ಟ ಹುಡುಗನ ಹಕ್ಕಿ ಸತ್ತಾಗ ಅದರ ಬಗ್ಗೆ ವಿಚಾರಿಸಿ ಸಂತೈಸಿದರು. ಮಸೀದಿಯಲ್ಲಿ ಅಬಿಸೀನಿಯಾದವರು ಈಟಿಯಾಟ ಆಡುವಾಗ ಹಝ್ರತ್ ಆಯಿಶಾ(ರ) ಸಾಕೆನ್ನುವಷ್ಟು ಹೊತ್ತು ನೋಡಲಿ ಎಂದು ತಾವು ಮರೆಯಾಗಿ ನಿಂತರು. ಹಿಜಾಬ್ ನಮ್ಮನ್ನು ಮನೆಯೊಳಗೆ ಬಂಧಿಸಲು ಇರುವುದಲ್ಲ. ಅದು ಮರ್ಯಾದೆಯಿಂದ ಹೊರಗೆ ಹೋಗಿ ಬರಲು ಇರುವುದು.

ಮುಸ್ಸಂಜೆಯಾಗುವಾಗ ಮಕ್ಕಳನ್ನು ಒಳಗೆ ಕರೆದುಕೊಳ್ಳಿ ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಹಾಗಾಗಿ ಅಸರ್‌ನ ನಂತರ ಹೊರಟು ಮಗ್ರಿಬ್ ಬಾಂಗಿಗೆ ಮೊದಲು ಮನೆ ಸೇರುವುದು ಒಳ್ಳೆಯ ಕ್ರಮ. ಬೆಂಗಳೂರಿನ ಪಾರ್ಕುಗಳನ್ನು ಹಿಂದೆ ಬೆಳಿಗ್ಗೆ 10 ಗಂಟೆಗೆ ಮುಚ್ಚಿ ಮಧ್ಯಾಹ್ನ ಮತ್ತೆ ತೆರೆಯುತ್ತಿದ್ದರು. 2024ರಲ್ಲಿ ಆಗಿನ ಬಿಬಿಎಂಪಿ ಅವುಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರ ತನಕ ತೆರೆದಿಡಲು ಆದೇಶಿಸಿತು. ದೊಡ್ಡ ಮಕ್ಕಳನ್ನು ಶಾಲೆಗೆ ಕಳಿಸಿ, ಅಡುಗೆಗೆ ಕೈ ಹಾಕುವ ಮೊದಲು ಸಿಗುವ ಆ ಒಂದು ಗಂಟೆಯ ಬೆಲೆ ತಾಯಂದಿರಿಗೆ ಮಾತ್ರ ಗೊತ್ತು. ನಿಮ್ಮ ಊರಿನ ಪಾರ್ಕಿನ ಸಮಯ ಗೇಟಿನ ಫಲಕದಲ್ಲಿರುತ್ತದೆ, ನೋಡಿಕೊಳ್ಳಿ.

ಕೆಲವು ಎಚ್ಚರಿಕೆಗಳು

ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ನೀವು ಜಾರುಬಂಡಿಯಲ್ಲಿ ಜಾರಬೇಡಿ. ಪ್ರೀತಿಯಿಂದ ಮಾಡುವ ಈ ಕೆಲಸದಲ್ಲಿ ಮಗುವಿನ ಕಾಲು ಅಂಚಿಗೆ ಸಿಕ್ಕಿಕೊಂಡರೆ ನಮ್ಮ ಭಾರಕ್ಕೆ ಮೊಣಕಾಲಿನ ಕೆಳಗಿನ ಎಲುಬು ಮುರಿಯಬಹುದು. ಮಕ್ಕಳ ವೈದ್ಯರು ಇದನ್ನು ಮತ್ತೆ ಮತ್ತೆ ಹೇಳುತ್ತಾರೆ. ಮಗು ಒಂಟಿಯಾಗಿ ಜಾರಲಿ, ನೀವು ಪಕ್ಕದಲ್ಲಿ ಕೈ ಹಿಡಿದು ನಿಲ್ಲಿ. ಕಬ್ಬಿಣದ ಜಾರುಬಂಡಿಯನ್ನು ಮೊದಲು ನಿಮ್ಮ ಅಂಗೈಯಿಂದ ಮುಟ್ಟಿ ನೋಡಿ. ಬಿಸಿಲಲ್ಲಿ ಅದು ಕಾದ ಕಾವಲಿಯಂತೆ ಇರುತ್ತದೆ. ಮಗುವಿನ ಕೊರಳಲ್ಲಿ ದಾರ, ತಾಯಿತ, ಶಾಲು ಇರಬಾರದು, ಎಲ್ಲಾದರೂ ಸಿಕ್ಕಿಕೊಂಡರೆ ಉಸಿರು ಕಟ್ಟುತ್ತದೆ. ತೂಗುವ ಉಯ್ಯಾಲೆಯ ಹಿಂದೆ ಮುಂದೆ ಮಗು ಓಡದಂತೆ ನೋಡಿಕೊಳ್ಳಿ. ತುಂಬು ತೋಳಿನ ಅಂಗಿ ಹಾಕಿ, ಡೆಂಗಿ ಸೊಳ್ಳೆ ಕಚ್ಚುವುದು ಹಗಲಿನಲ್ಲಿ. ಎಲ್ಲಕ್ಕಿಂತ ಮುಖ್ಯ, ಬೆಂಚಿನ ಮೇಲೆ ಕೂತು ಮೊಬೈಲ್ ನೋಡಬೇಡಿ. ಮಗುವಿನ ಕೈಯಿಂದ ಕಸಿದ ಮೊಬೈಲ್ ತಾಯಿಯ ಕೈಗೆ ಬಂದರೆ ಏನು ಲಾಭ?

ನಾವು ಹೋದ ಎಲ್ಲ ಕಡೆ ಚೆನ್ನಾಗಿತ್ತು ಎಂದಲ್ಲ. ಒಂದು ಬಡಾವಣೆಯ ಪಾರ್ಕಿನಲ್ಲಿ ಉಯ್ಯಾಲೆಯ ಸರಪಳಿ ಮಾತ್ರ ನೇತಾಡುತ್ತಿತ್ತು, ಹಲಗೆ ಇರಲಿಲ್ಲ. ಜಾರುಬಂಡಿಯ ಬುಡದಲ್ಲಿ ಬಾಟಲಿಯ ಚೂರುಗಳಿದ್ದವು. ಶೌಚಾಲಯಕ್ಕೆ ಬೀಗ. ಮಗುವಿಗೆ ಹಾಲುಣಿಸಲು ಮರೆಯ ಜಾಗವಂತೂ ಎಲ್ಲೂ ಕಾಣಲಿಲ್ಲ. ದಾರಿಯಿಂದ ಉಪದ್ರವದ ವಸ್ತುವನ್ನು ತೆಗೆಯುವುದು ಈಮಾನಿನ ಒಂದು ಶಾಖೆ ಎಂದು ಕಲಿತವರು ನಾವು. ಗಾಜಿನ ಚೂರುಗಳನ್ನು ಕಾಗದದಲ್ಲಿ ಸುತ್ತಿ ತೊಟ್ಟಿಗೆ ಹಾಕಿದೆವು. ಆದರೆ ಹಲಗೆ ಹಾಕಿಸಲು, ಬೀಗ ತೆಗೆಸಲು ನಾಲ್ಕು ಮಂದಿ ಸೇರಿ ಅರ್ಜಿ ಕೊಡಬೇಕು. ಕರ್ನಾಟಕದಲ್ಲಿ ಪಾರ್ಕು, ಆಟದ ಮೈದಾನ ಮತ್ತು ತೆರೆದ ಜಾಗಗಳನ್ನು ಉಳಿಸಲು 1985ರಿಂದ ಪ್ರತ್ಯೇಕ ಕಾನೂನೇ ಇದೆ. ಮಗುವಿನ ಆಟದ ಹಕ್ಕನ್ನು ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ನಮ್ಮ ದೇಶ 1992ರಲ್ಲಿ ಸೇರಿದೆ. ಹಾಗಾಗಿ ನಾವು ಕೇಳುವುದು ಭಿಕ್ಷೆಯಲ್ಲ.

ಬಳಸದ ಪಾರ್ಕನ್ನು ಯಾರೂ ದುರಸ್ತಿ ಮಾಡುವುದಿಲ್ಲ. ತಾಯಂದಿರು ಬರುವುದಿಲ್ಲವೆಂದರೆ ಅಲ್ಲಿ ಇಸ್ಪೀಟು ಆಡುವವರು ಬಂದು ಕೂರುತ್ತಾರೆ. ಆಮೇಲೆ ಅವರಿದ್ದಾರೆಂದು ನಾವು ಹೋಗುವುದಿಲ್ಲ. ಹತ್ತು ತಾಯಂದಿರು ದಿನವೂ ಬಂದರೆ ಆ ಜಾಗ ತಾನಾಗಿಯೇ ಸರಿಯಾಗುತ್ತದೆ.

ಆದ್ದರಿಂದ ಸಹೋದರಿಯರೇ, ಈ ವಾರವೇ ಒಂದು ಕೆಲಸ ಮಾಡಿ. ನಿಮ್ಮ ಮನೆಗೆ ಅತಿ ಹತ್ತಿರದ ಪಾರ್ಕು ಯಾವುದೆಂದು ಹುಡುಕಿ. ಒಂಟಿಯಾಗಿ ಹೋಗಲು ಸಂಕೋಚವಾದರೆ ಅತ್ತೆಯನ್ನೋ ನೆರೆಮನೆಯವಳನ್ನೋ ಕರೆದುಕೊಂಡು ಹೋಗಿ. ಒಂದು ನೀರಿನ ಬಾಟಲಿ, ಒಂದು ಬಾಳೆಹಣ್ಣು, ಕೈ ಒರೆಸುವ ಒಂದು ಬಟ್ಟೆ ಸಾಕು. ಅಲ್ಲಿ ಬೆಂಚಿನ ತುದಿಯಲ್ಲಿ ಹೊಸ ತಾಯಿಯೊಬ್ಬಳು ಮಗುವನ್ನು ಹಿಡಿದು ಸುಮ್ಮನೆ ಕೂತಿರಬಹುದು. ಅವಳು ಯಾವ ಧರ್ಮದವಳೇ ಆಗಿರಲಿ, ಮೊದಲು ನೀವೇ ನಕ್ಕು ಮಾತಾಡಿಸಿ. ಮಗುವಿಗೆ ಎಷ್ಟು ತಿಂಗಳು ಎಂದು ಕೇಳಿ. ಉಳಿದದ್ದು ತಾನಾಗಿಯೇ ಆಗುತ್ತದೆ, ಇನ್‌ಶಾ ಅಲ್ಲಾಹ್.