ಕೊರಳಿನ ಗ್ರಂಥಿಯೂ ಒಂದು ಚಿಟಿಕೆ ಉಪ್ಪೂ

ಶರೀರದ ಗ್ರಂಥಿಗಳು ಎರಡು ವಿಧವೆಂದು ನಾವು ಈ ಶಾಲೆಯಲ್ಲಿಯೇ ಕಲಿತೆವು. ಲಾಲಾರಸದ ಗ್ರಂಥಿ, ಕಣ್ಣೀರಿನ ಗ್ರಂಥಿ, ಬೆವರಿನ ಗ್ರಂಥಿ ಮೊದಲಾದವು ತಮ್ಮ ರಸವನ್ನು ನಾಳದ ಮೂಲಕ ಹೊರಗೆಡಹುತ್ತವೆ. ಬೇರೆ ಕೆಲವಕ್ಕೆ ನಾಳವಿಲ್ಲ. ಅವುಗಳ ರಸವು ನೇರವಾಗಿ ರಕ್ತದಲ್ಲಿ ಬೆರೆತು ದೇಹವನ್ನೆಲ್ಲಾ ಸಂಚರಿಸುತ್ತದೆ. ಇವು ಮನೆಯೊಳಗಣ ತಾಯಿಯಂತೆ ಸದ್ದಿಲ್ಲದೆ ದುಡಿಯುವುವು.

ಇಂತಹ ಥೈರಾಯಿಡ್ ಗ್ರಂಥಿಯು ಕೊರಳಿನ ಮುಂಭಾಗದಲ್ಲಿ ರೆಕ್ಕೆ ಬಿಚ್ಚಿದ ಚಿಟ್ಟೆಯ ಆಕಾರದಲ್ಲಿರುವುದು. ಅದರ ತೂಕ ಸುಮಾರು 20 ಗ್ರಾಂ ಮಾತ್ರ. ಆದರೂ ಬೆಳವಣಿಗೆ, ದೇಹದ ಕಾವು, ಬುದ್ಧಿಯ ಚುರುಕು ಇವೆಲ್ಲಕ್ಕೂ ಅದರ ರಸವು ಬೇಕು. 1912ರಲ್ಲಿ ಗುಡರ್ನಾಟ್ಶ್ ಎಂಬ ವಿಜ್ಞಾನಿಯು ಗೊದಮೊಟ್ಟೆಗಳಿಗೆ ಪ್ರಾಣಿಗಳ ಥೈರಾಯಿಡನ್ನು ಉಣಿಸಲು, ಅವು ಕಾಲಕ್ಕೆ ಮೊದಲೇ ಬಾಲವನ್ನು ಕಳೆದುಕೊಂಡು ಪುಟ್ಟ ಕಪ್ಪೆಗಳಾದವು. ಆ ಗ್ರಂಥಿಯನ್ನೇ ತೆಗೆದ ಗೊದಮೊಟ್ಟೆಗಳಾದರೋ ಗಾತ್ರದಲ್ಲಿ ಬೆಳೆದರೂ ಕಪ್ಪೆಗಳಾಗಲಿಲ್ಲ.

ಈ ರಸದ ತಯಾರಿಕೆಗೆ ಅಯೋಡಿನ್ ಬೇಕು. ದೊಡ್ಡವರಿಗೆ ದಿನಕ್ಕೆ 150 ಮೈಕ್ರೊಗ್ರಾಂ, ಎಂದರೆ ಒಂದು ಸಾಸಿವೆ ಕಾಳಿಗಿಂತಲೂ ಎಷ್ಟೋ ಕಡಿಮೆ, ಸಾಕು. ಗರ್ಭಿಣಿಯರಿಗೆ ತುಸು ಹೆಚ್ಚು. ತಾಯಿಗೆ ಇದರ ಕೊರತೆ ಬಹಳವಾದರೆ ಶಿಶುವಿನ ಮಿದುಳಿಗೇ ಕುಂದುಂಟಾಗುತ್ತದೆ. ಮಳೆಯಿಂದ ತೊಳೆದುಹೋದ ಬೆಟ್ಟದ ಸೀಮೆಗಳ ಮಣ್ಣಿನಲ್ಲಿ ಅಯೋಡಿನ್ ಕಡಿಮೆಯಿರುವುದುಂಟು. ಆಗ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಹೆಚ್ಚು ದುಡಿಯೆಂದು ಥೈರಾಯಿಡಿಗೆ ಅಪ್ಪಣೆಯ ಮೇಲೆ ಅಪ್ಪಣೆ ಕಳುಹಿಸುತ್ತದೆ. ಅದು ದುಡಿದು ದುಡಿದು ಊದಿಕೊಳ್ಳುತ್ತದೆ. ಇದನ್ನೇ ಗಳಗಂಡವೆನ್ನುವರು.

ಮಲೆನಾಡಿನಲ್ಲಿದ್ದ ನಮ್ಮ ಚಿಕ್ಕಮ್ಮನವರೊಬ್ಬರು ಸೆರಗನ್ನು ಕೊರಳಿಗೆ ಸುತ್ತಿಕೊಂಡೇ ಆಯುಷ್ಯವನ್ನು ಕಳೆದರು. ಗಂಡಿನವರು ಬಂದು ನೋಡಿ ಹಿಂದಿರುಗಿದರು. ಯಾವ ಪಾಪದ ಫಲವೋ ಎಂದು ನೆರೆಯವರು ಆಡಿಕೊಂಡರು. ಕಡೆಗೆ ಅವರೂ ಅದನ್ನೇ ನಂಬಿದರು. ಕೊರತೆಯಾದುದು ಅಯೋಡಿನ್ ಒಂದೇ ಎಂದು ತಿಳಿಸಿ ಹೇಳುವವರು ಆ ಊರಿನಲ್ಲಿರಲಿಲ್ಲ.

ಅಮೆರಿಕದ ಒಹಾಯೊ ಸಂಸ್ಥಾನದ ಆಕ್ರನ್ ಪಟ್ಟಣದಲ್ಲಿ 1917ರಲ್ಲಿ ಮರೀನ್ ಮತ್ತು ಕಿಂಬಲ್ ಎಂಬವರು ಶಾಲೆಯ ಹುಡುಗಿಯರಿಗೆ ವರ್ಷಕ್ಕೆ ಎರಡಾವರ್ತಿ ಅಯೋಡಿನ್ ಲವಣವನ್ನು ಕೊಡತೊಡಗಿದರು. ಅದನ್ನು ಸೇವಿಸಿದ 2,190 ಮಂದಿಯಲ್ಲಿ 5 ಮಂದಿಗೂ, ಸೇವಿಸದ 2,305 ಮಂದಿಯಲ್ಲಿ 495 ಮಂದಿಗೂ ಗ್ರಂಥಿಯು ದೊಡ್ಡದಾಯಿತು. ನಮ್ಮ ದೇಶದ ಕಾಂಗ್ರಾ ಕಣಿವೆಯಲ್ಲಿ ಡಾ. ರಾಮಲಿಂಗಸ್ವಾಮಿಯವರೂ ಸಹೋದ್ಯೋಗಿಗಳೂ 1956ರಿಂದ ಅಯೋಡಿನ್ ಬೆರೆಸಿದ ಉಪ್ಪನ್ನು ಹಂಚಿಸಿ ಅಂತಹದೇ ಫಲವನ್ನು ಕಂಡರು. 1962ರಲ್ಲಿ ಗಳಗಂಡ ನಿವಾರಣೆಯ ಕೆಲಸವನ್ನು ಸರ್ಕಾರವೇ ಕೈಗೊಂಡಿತು.

ಆದುದರಿಂದ ತಾಯಂದಿರಲ್ಲಿಯೂ ನಮ್ಮ ಹಳೆಯ ಗೆಳತಿಯರಲ್ಲಿಯೂ ನಮ್ಮದೊಂದು ಅರಿಕೆ. ಅಡಿಗೆಗೆ ಅಯೋಡಿನ್ ಉಪ್ಪನ್ನೇ ತರಿಸಿ, ಒಲೆಯ ಕಾವೂ ತೇವವೂ ತಾಗದಂತೆ ಮುಚ್ಚಳವುಳ್ಳ ಜಾಡಿಯಲ್ಲಿಡಬೇಕು. ಹುಡುಗಿಯ ಕೊರಳು ಊದಿದಂತೆ ಕಂಡರೆ, ಅದಕ್ಕೆ ಬೇರೆ ಕಾರಣಗಳೂ ಇರಬಹುದಾದುದರಿಂದ, ಸೆರಗಿನಲ್ಲಿ ಮರೆಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು.